ಜಾನ್ಸನ್‌ವಿಲ್ ರೈಲಿನಲ್ಲಿ ವಿಯೆನ್ನಾ ಕಲಿತವರು

ವಿಯೆನ್ನಾ ನಗರದಲ್ಲಿ ನಾನು ದಾರಿ ತಪ್ಪುವುದಿಲ್ಲ. ವಿಮಾನ ನಿಲ್ದಾಣದಿಂದ ಹೊರಬೀಳುವ ಬಾಗಿಲ ಮೇಲೆ ಏನೆಂದು ಬರೆದಿರುತ್ತದೆ, ರೈಲು ಬದಲಿಸಿ ಎನ್ನಲು ಯಾವ ಶಬ್ದ ಕೂಗುತ್ತಾರೆ, ಟಿಕೆಟ್ ಯಾವ ಅಂಗಡಿಯಲ್ಲಿ ಸಿಗುತ್ತದೆ, ಕೊಂಡ ಟಿಕೆಟ್ಟಿಗೆ ಮುದ್ರೆ ಒತ್ತಿಸದೆ ಕೂತರೆ ಏನಾಗುತ್ತದೆ, ಎಲ್ಲವೂ ನನಗೆ ಬಾಯಿಪಾಠ. ಅಲ್ಲಿಗೆ ನಾನು ಹೋಗಿಲ್ಲ. ಇನ್ನು ಹೋಗುವ ಉಮೇದೂ ಉಳಿದಿಲ್ಲ. ನನಗೆ ಇದನ್ನೆಲ್ಲ ಕಲಿಸಿದವರೂ ವಿಯೆನ್ನಾ ಕಂಡವರಲ್ಲ.

ಅವರು ನಮ್ಮ ಬೇಲಿಯಾಚೆಯ ಮನೆಯ ಕಾಕು. ಧಾರವಾಡದವರು, ಆ ಕಡೆ ಚಿಕ್ಕಮ್ಮನಿಗೆ ಕಾಕು ಎನ್ನುತ್ತಾರೆ. ವೆಲ್ಲಿಂಗ್ಟನ್ನಿನ ಉತ್ತರಕ್ಕೆ ಗುಡ್ಡದ ಮೇಲಿರುವ ಈ ಜಾನ್ಸನ್‌ವಿಲ್‌ನಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದರು. ಈ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅನ್ನಕ್ಕಿಟ್ಟು, ಕಾಲು ನೋಯುತ್ತದೆಂದು ಕುರ್ಚಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಅವರಿಲ್ಲದ ಭಾನುವಾರಗಳಲ್ಲಿ ನನಗೆ ಏನು ಮಾಡಬೇಕೆಂದೇ ತೋಚುತ್ತಿಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಕಾಕು ಎಂದರೆ ನನಗೆ ಮೊದಲು ನೆನಪಾಗುವುದು ಅವರ ನಿಟ್ಟುಸಿರು. ಎದುರಾದವರಿಗೆ ನಮಸ್ಕಾರವಿಲ್ಲ, ಆರಾಮೇನು ಎಂಬ ಪ್ರಶ್ನೆಯಿಲ್ಲ. "ಸಾಕಾತವಾ" ಎಂದೇ ಅವರ ಮಾತು ಶುರುವಾಗುತ್ತಿತ್ತು. ಬೆಳಿಗ್ಗೆ ಮೊಮ್ಮಗನನ್ನು ಶಾಲೆಗೆ ಬಿಡಲು ಹೋಗುವಾಗ ಬೇಲಿಯ ಮೇಲಿಂದ ಒಂದು "ಸಾಕಾತವಾ", ಸಂಜೆ ನಾನು ಆಫೀಸಿನಿಂದ ಬಂದು ಗೇಟು ತೆಗೆಯುವಾಗ ಇನ್ನೊಂದು. ನಾನೂ ಕಡಿಮೆಯವಳಲ್ಲ. ಸರಕಾರದ ಒಂದು ಕಚೇರಿಯಲ್ಲಿ ದಿನವಿಡೀ ಮೀಟಿಂಗಿನಲ್ಲಿ ಕೂತು, ಬೆಟ್ಟದ ಗಾಳಿಗೆ ಮುಖ ಒಡ್ಡಿ ಮನೆ ಸೇರುವ ಹೊತ್ತಿಗೆ ಮಾತಾಡುವ ತ್ರಾಣ ಇರುತ್ತಿರಲಿಲ್ಲ. "ನನಗೂ ಸಾಕಾಗೇದ ಕಾಕು" ಎನ್ನುತ್ತಿದ್ದೆ. "ನಿನಗೇನವಾ, ನೀ ಕುರ್ಚಿ ಮ್ಯಾಲೆ ಕೂತು ದಣೀತಿ" ಎಂದು ಅವರು ಮೂಗು ಮುರಿಯುತ್ತಿದ್ದರು. ನಮ್ಮ ಸ್ನೇಹ ಬೆಳೆದದ್ದೇ ಯಾರಿಗೆ ಹೆಚ್ಚು ಸುಸ್ತಾಗಿದೆ ಎಂಬ ಈ ಜಗಳದಲ್ಲಿ.

ಇಳಕಲ್ ಸೀರೆ, ಅದರ ಮೇಲೆ ಮಗ ಬಿಟ್ಟ ನೀಲಿ ರೇನ್‌ಕೋಟು, ಕಾಲಿಗೆ ಓಟದ ಬೂಟು. ಈ ವೇಷದಲ್ಲಿ ಅವರು ಹಿತ್ತಲಲ್ಲಿ ಬಟ್ಟೆ ಒಣಹಾಕುವುದನ್ನು ನೋಡಬೇಕಿತ್ತು. ವೆಲ್ಲಿಂಗ್ಟನ್ನಿನ ಗಾಳಿಯ ಮೇಲೆ ಅವರಿಗೆ ಹುಟ್ಟಾ ವೈರ. ಒಂದು ಸಲ ಹಗ್ಗದ ಮೇಲಿನ ಸೀರೆ ಹಾರಿ ಕೆಳಗಿನ ಬೀದಿಯ, ಈ ದೇಶದವರೇ ಆದ ಮುದುಕರೊಬ್ಬರ ಛಾವಣಿಗೆ ಸಿಕ್ಕಿಕೊಂಡಿತು. ಮುದುಕರು ಏಣಿ ಹಾಕಿ ಇಳಿಸಿ, ಮಡಿಸಿ ತಂದುಕೊಟ್ಟರು. ಕಾಕು ಅದನ್ನು ಕೊಡವುತ್ತ ನನಗೆ ಹೇಳಿದರು: "ನೋಡು ತಂಗಿ, ಈ ದೇಶದಾಗ ನನಗಿಂತ ನನ್ನ ಸೀರಿ ಹೆಚ್ಚು ತಿರಗ್ಯದ."

ನಕ್ಕೆವು. ಆದರೆ ಅದು ನಿಜವೇ ಆಗಿತ್ತು. ಮೊಮ್ಮಗ ಹುಟ್ಟುವ ಹೊತ್ತಿಗೆ ಬಂದವರು ಅವರು. ಮಗ ಒಂದು ಸಲಹಾ ಕಂಪನಿಯಲ್ಲಿ, ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ಪಾಳಿಯ ಮೇಲೆ. ಮನೆ ನಿಂತಿದ್ದು ಕಾಕುವಿನ ರಟ್ಟೆಯ ಮೇಲೆ. ಬಂದ ಹೊಸದರಲ್ಲಿ ಒಮ್ಮೆ ಒಬ್ಬರೇ ರೈಲು ಹತ್ತಿ, ಯಾವುದೋ ನಿಲ್ದಾಣದಲ್ಲಿ ಇಳಿದು, ಯಾರನ್ನು ಏನೆಂದು ಕೇಳಬೇಕೆಂದು ತಿಳಿಯದೆ ಮಳೆಯಲ್ಲಿ ಹಳಿಯ ಪಕ್ಕದ ರಸ್ತೆ ಹಿಡಿದು ಮನೆತನಕ ನಡೆದು ಬಂದಿದ್ದರಂತೆ. "ನನ್ನ ಇಲ್ಲಿ ಸಾಮಾನಿನಂಗ ಏರಿಸಿಕೊಂಡು ಬಂದ್ರು, ಸಾಮಾನಿನಂಗ ಇಳಿಸಿದ್ರು. ಒಂದು ಶಬ್ದ ಯಾರೂ ಹೇಳಿಕೊಡಲಿಲ್ಲ" ಎನ್ನುತ್ತಿದ್ದರು. ಮಗನ ಮೇಲೆ ಅವರಿಗಿದ್ದ ದೊಡ್ಡ ದೂರು ಇದೇ.

ಭಾನುವಾರ ಬೆಳಿಗ್ಗೆ ಮಾತ್ರ ಅವರು ಮನೆಯಿಂದ ಬಿಡುಗಡೆ ಪಡೆಯುತ್ತಿದ್ದರು. ಕೆಳಗೆ ಪಟ್ಟಣದಲ್ಲಿ, ಕಡಲ ದಂಡೆಯಲ್ಲಿ ತರಕಾರಿ ಸಂತೆ ನೆರೆಯುತ್ತದೆ. ಮೆಂತ್ಯ ಪಲ್ಲೆ, ಹಸಿಮೆಣಸಿನಕಾಯಿ, ಒಮ್ಮೊಮ್ಮೆ ಬದನೆಕಾಯಿ ಸೋವಿಯಾಗಿ ಸಿಗುತ್ತವೆ. ಕಾಕು ತಮ್ಮ ಗಾಲಿಚೀಲ ಎಳೆದುಕೊಂಡು, ನಾನು ನನ್ನ ನಿದ್ದೆಗಣ್ಣು ಎಳೆದುಕೊಂಡು ಜಾನ್ಸನ್‌ವಿಲ್ ರೈಲು ಹತ್ತುತ್ತಿದ್ದೆವು. ಹಳಿ ರಿಪೇರಿಯೆಂದು ಎಷ್ಟೋ ಭಾನುವಾರ ರೈಲಿನ ಬದಲು ಬಸ್ಸು ನಿಂತಿರುತ್ತಿತ್ತು. "ನಿನ್ನ ರೈಲಿಗೆ ಇವತ್ತೂ ಸೂಟಿ" ಎಂದು ಕಾಕು ನನ್ನನ್ನೇ ದೂರುವರು, ಸರಕಾರಿ ನೌಕರಿಯವಳಾದ್ದರಿಂದ ರೈಲಿನ ಜವಾಬ್ದಾರಿಯೂ ನನ್ನದೇ ಎಂಬಂತೆ.

ಆ ರೈಲಿನಲ್ಲಿ ಒಬ್ಬ ಗಾರ್ಡ್ ಇದ್ದ. ಈ ನೆಲದ ಮೂಲ ಜನರಾದ ಮಾವೋರಿಗಳವನು, ದಪ್ಪ ಮೈ, ನರೆತ ಗಡ್ಡ, ನಿವೃತ್ತಿಗೆ ಹತ್ತಿರವಾದವನು. ಬಂದು ನಮ್ಮ ಟಿಕೆಟ್ಟಿಗೆ ತೂತು ಹೊಡೆದು ಹೋಗುತ್ತಿದ್ದ. ಅವನೂ ಕಾಕುವಿಗೆ ಆಂಟಿ ಎನ್ನುತ್ತಿದ್ದ. ಹಿರಿಯ ಹೆಂಗಸರನ್ನು ಆಂಟಿ ಎನ್ನುವುದು ಅವರಲ್ಲೂ ಉಂಟು. ಕಾಕುವಿಗೆ ಅದು ಭಾರಿ ಹಿಡಿಸಿತ್ತು. "ನಮ್ಮ ಪೈಕಿ ಮನಶ್ಯಾ" ಎಂದು ಒಪ್ಪಿಕೊಂಡುಬಿಟ್ಟಿದ್ದರು.

ಇನ್ನು ವಿಯೆನ್ನಾದ ವಿಷಯ. ಕಾಕುವಿನ ಮಗಳು ಓದಲು ಹೋಗಿ ಅಲ್ಲಿಯೇ ಎಂಜಿನಿಯರ್ ಆಗಿ ನಿಂತವಳು. ಮದುವೆಯಾದದ್ದು ಆ ಊರಿನವನನ್ನೇ. ಅವನು ಟ್ರಾಮು ನಡೆಸುವವನು, ರಸ್ತೆಯ ಮೇಲೆ ಹಾಸಿದ ಹಳಿಯಲ್ಲಿ ಓಡುವ ಗಾಡಿಯ ಡ್ರೈವರ್. ಈ ಸುದ್ದಿ ನಮ್ಮ ಕನ್ನಡ ಮಂದಿಗೆ ತಲುಪಿದ್ದು ಒಂದು ಯುಗಾದಿ ಊಟದಲ್ಲಿ. ಶಾಲೆಯ ಹಾಲ್‌ನಲ್ಲಿ ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಅಡಿಗೆ ತಂದಿದ್ದೆವು. ಪಕ್ಕದಲ್ಲಿ ಕೂತಿದ್ದ ಒಬ್ಬಾಕೆ ಹೋಳಿಗೆ ಮುರಿಯುತ್ತ, "ಎಂಜಿನಿಯರ್ ಮಗಳಿಗೆ ಡ್ರೈವರ್ ಅಳಿಯ ಆದನಂತಲ್ರಿ" ಎಂದು ಮರುಕ ತೋರಿಸಿದರು.

ಕಾಕು ತಿನ್ನುವುದನ್ನು ನಿಲ್ಲಿಸಲಿಲ್ಲ. "ಹೌದವಾ. ದಿನಾ ಮುಂಜಾನೆ ಮಂದೀನ ಕೆಲಸಕ್ಕ ಮುಟ್ಟಸ್ತಾನ, ಸಂಜೀಕ ಮನಿಗೆ ಮುಟ್ಟಸ್ತಾನ. ನಿಮ್ಮ ಅಳಿಯ ಯಾರನ್ನ ಎಲ್ಲಿಗೆ ಮುಟ್ಟಿಸ್ಯಾನ?" ಎಂದರು. ಆಮೇಲೆ ತುಪ್ಪ ಕೇಳಿ ಹಾಕಿಸಿಕೊಂಡರು.

ಆ ಮಗಳು ಬಸುರಿಯಾದಳು. ಸುದ್ದಿ ಬಂದ ದಿನ ಬೇಲಿಯ ಹತ್ತಿರ ಕಾಕು "ಸಾಕಾತವಾ" ಎನ್ನಲಿಲ್ಲ. ಅಷ್ಟರಿಂದಲೇ ಏನೋ ಆಗಿದೆಯೆಂದು ತಿಳಿಯಿತು. "ಚೊಚ್ಚಲ ಬಾಣಂತನ. ತವರಿನ ಹಕ್ಕು. ನಾ ಹೊಂಟೆ" ಎಂದರು. ನಮ್ಮ ಕಡೆ ಮೊದಲ ಬಾಣಂತನವನ್ನು ತಾಯಿ ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಸಾಮಾನ್ಯವಾಗಿ ಮಗಳು ತವರಿಗೆ ಬರುತ್ತಾಳೆ. ಇಲ್ಲಿ ತವರೇ ಗಂಟು ಕಟ್ಟಿಕೊಂಡು ಹೊರಟಿತ್ತು.

ಅಳಿಯ ವಿಮಾನ ನಿಲ್ದಾಣಕ್ಕೆ ಬರುತ್ತೇನೆಂದರೂ ಕಾಕು ಬೇಡವೆಂದರು. ಅವನು ಆಸ್ಪತ್ರೆಯಲ್ಲಿ ಇರಬೇಕಾಗಬಹುದು, ಪಾಳಿಯಲ್ಲಿರಬಹುದು. ಬಾಣಂತನಕ್ಕೆ ಬಂದವಳು ಆ ಮನೆಗೆ ಹೊರೆಯಾಗಬಾರದು. ಅಲ್ಲದೆ ಮನೆಯಿಂದ ಆಸ್ಪತ್ರೆಗೆ ದಿನವೂ ಬಿಸಿ ಊಟ ಒಯ್ಯಬೇಕು. ಇದೆಲ್ಲ ಸರಿ, ಒಳಗಿನ ಕಾರಣ ಬೇರೆಯೇ ಇತ್ತು. ಅದನ್ನು ರೈಲಿನಲ್ಲಿ ಹೇಳಿದರು: "ಇಲ್ಲಿ ಬಂದಂಗ ಅಲ್ಲಿಗೆ ನಾ ಸಾಮಾನಾಗಿ ಹೋಗೂದಿಲ್ಲ ತಂಗಿ. ನನ್ನ ಕಾಲಿಂದ ನಡದು ಹೋಗಿ ಮಗಳ ಮನಿ ಬಾಗಲಾ ಬಡೀತೀನಿ."

ಹಾಗೆ ಶುರುವಾಯಿತು ಪಾಠ. ಅಳಿಯನಿಗೂ ಅತ್ತೆಗೂ ನಡುವೆ ಒಂದೂ ಭಾಷೆ ಇರಲಿಲ್ಲ. ಅವನು ತನ್ನ ಊರಿನಲ್ಲಿ ಓಡಾಡಲು ಬೇಕಾದ ಶಬ್ದಗಳನ್ನು ಫೋನಿನಲ್ಲಿ ನಿಧಾನವಾಗಿ ನುಡಿದು ಕಳಿಸುತ್ತಿದ್ದ. ಮಗಳು ಅದಕ್ಕೆ ಅರ್ಥ ಹೇಳುತ್ತಿದ್ದಳು. ಔಸ್‌ಗಾಂಗ್ ಎಂದರೆ ಹೊರಬಾಗಿಲು. ಅಲ್ಲಿಯ ಮಂದಿ ಟ್ರಾಮಿಗೆ ಪ್ರೀತಿಯಿಂದ ಬಿಮ್ ಎನ್ನುತ್ತಾರೆ. ತ್ರಾಫೀಕ್ ಎಂದರೆ ಬೀಡಿ ಸಿಗರೇಟು, ಪೇಪರು, ರೈಲು ಟಿಕೆಟ್ ಎಲ್ಲ ಮಾರುವ ಮೂಲೆ ಅಂಗಡಿ, ಇಲ್ಲಿ ನಾವು ಡೇರಿ ಎನ್ನುವ ಅಂಗಡಿಯ ಹಾಗೆ. ಫಾರ್‌ಶೈನ್ ಎಂದರೆ ಟಿಕೆಟ್ಟು. ಇಲ್ಲಿಯಂತೆ ಗಾರ್ಡ್ ಬಂದು ತೂತು ಹೊಡೆಯುವುದಿಲ್ಲ, ನಾವೇ ಡಬ್ಬಿಗೆ ತುರುಕಿ ಮುದ್ರೆ ಹಾಕಿಸಿಕೊಳ್ಳಬೇಕು. ಶ್ಪಿಟಾಲ್ ಎಂದರೆ ದವಾಖಾನೆ. ಉಮ್‌ಶ್ಟೈಗನ್ ಎಂದರೆ ಇಳಿದು ಬೇರೆ ಗಾಡಿ ಹತ್ತುವುದು.

ಕಾಕು ಇವನ್ನು ದೇವರ ನಾಮದ ಧಾಟಿಯಲ್ಲಿ ಕೊನೆಯನ್ನು ಎಳೆದು ಹೇಳುತ್ತಿದ್ದರು. ಹಿಟ್ಟು ನಾದುವಾಗ, ಬಟ್ಟೆ ಒಣಹಾಕುವಾಗ ಬೇಲಿಯಾಚೆಯಿಂದ "ಔಸ್‌ಗಾಂಗಽ" ಎಂದು ತೇಲಿಬರುತ್ತಿತ್ತು. ಮೂಲೆಯ ಡೇರಿಯ ಗುಜರಾತಿಯವನ ಹತ್ತಿರ ಹೋಗಿ ಫಾರ್‌ಶೈನ್ ಕೊಡು ಎಂದು ಕೇಳಿದರಂತೆ. ಅವನು ಇವರ ಮುಖ ನೋಡಿ ಸುಮ್ಮನೆ ದಿನದ ಹಾಲಿನ ಡಬ್ಬ ಎತ್ತಿಕೊಟ್ಟನಂತೆ. "ಅಂವಗ ಜರ್ಮನ್ ಬರೂದಿಲ್ಲ, ಪಾಪ" ಎಂದರು ನನಗೆ.

ಆದರೆ ಬಾಯಿಪಾಠದಿಂದ ಅವರಿಗೆ ಸಮಾಧಾನವಿಲ್ಲ. ಮೈಗೆ ರೂಢಿಯಾಗಬೇಕು ಎನ್ನುತ್ತಿದ್ದರು. ಅದಕ್ಕೆ ನಮ್ಮ ಭಾನುವಾರದ ರೈಲಿನ ಮೇಲೆ ಇಡೀ ವಿಯೆನ್ನಾವನ್ನು ಹೊದಿಸಿಬಿಟ್ಟರು. ಜಾನ್ಸನ್‌ವಿಲ್ ಎಂದರೆ ವಿಮಾನ ನಿಲ್ದಾಣ. ಆಮೇಲೆ ರರೋವಾ, ಖಂಡಾಲಾ, ಸಿಮ್ಲಾ ಇತ್ಯಾದಿ. ಆ ಕಾಲದ ಗೋರಾ ಅಧಿಕಾರಿಗಳು ಇಂಡಿಯಾದ ಹೆಸರು ತಂದು ಇಲ್ಲಿಯ ಗುಡ್ಡಗಳಿಗೆ ಅಂಟಿಸಿದ್ದಾರೆ. ಕಡೆಗೆ ವೆಲ್ಲಿಂಗ್ಟನ್ ಬಂದರೆ ಅದು ಶ್ಪಿಟಾಲ್. ನಡುವೆ ನಾಯೊ ಎಂಬ ನಿಲ್ದಾಣ. ಈ ದಾರಿ ಒಂಟಿ ಹಳಿಯದು, ನಾಯೊದಲ್ಲಿ ಎದುರಿನ ಗಾಡಿ ದಾಟಿಹೋಗುವತನಕ ನಮ್ಮ ಗಾಡಿ ನಿಲ್ಲುತ್ತದೆ. ಆದ್ದರಿಂದ ಉಮ್‌ಶ್ಟೈಗನ್ ಅಲ್ಲಿಯೇ ಎಂದು ಕಾಕು ತೀರ್ಮಾನಿಸಿದರು.

ಗಾಡಿ ನಾಯೊದಲ್ಲಿ ನಿಂತೊಡನೆ ಎದ್ದು, ಶಬ್ದ ಉಚ್ಚರಿಸಿ, ಗಾಲಿಚೀಲ ಎಳೆದುಕೊಂಡು ಪ್ಲಾಟ್‌ಫಾರ್ಮಿಗೆ ಇಳಿಯುವರು. ಗಾಳಿಗೆ ಸೆರಗು ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದು, ಅದೇ ಗಾಡಿಯ ಹಿಂದಿನ ಡಬ್ಬಿ ಹತ್ತುವರು. ನಾನೂ ಹಿಂದೆ ಹೋಗಬೇಕು. ಹೋಗದಿದ್ದರೆ "ನೀ ವಿಯೆನ್ನಾದಾಗ ಕಳದ ಹೋದಿ" ಎಂದು ಬೈಗುಳ. ಮೊದಲ ಸಲ ಗಾರ್ಡ್ ಗಾಬರಿಯಾಗಿ, "ಇದು ನಿಮ್ಮ ಸ್ಟೇಷನ್ ಅಲ್ಲ ಆಂಟಿ" ಎಂದು ಓಡಿಬಂದ. ನಾನು ನಾಚಿಕೆಯಿಂದ ಎಲ್ಲವನ್ನೂ ವಿವರಿಸಿದೆ. ಅವನು ಗಡ್ಡ ಕೆರೆದುಕೊಂಡ, ನಗಲಿಲ್ಲ. ಮುಂದಿನ ಭಾನುವಾರದಿಂದ ನಾಯೊ ಬಂದಾಗ ಅವನೇ ಬಾಗಿಲ ಹತ್ತಿರ ನಿಂತು, "ಯುವರ್ ಚೇಂಜ್, ಆಂಟಿ" ಎಂದು ಕರೆಯತೊಡಗಿದ. ಕಾಕು ನಿಧಾನಕ್ಕೆ ಇಳಿಯುವಾಗ "ಟೇಕ್ ಯುವರ್ ಟೈಮ್, ಆಂಟಿ" ಎನ್ನುತ್ತಿದ್ದ. ಅವರು ಹತ್ತಿದ ಮೇಲೆಯೇ ಅವನ ಸೀಟಿ.

ಟಿಕೆಟ್ ಆಯಿತು, ವೀಸಾ ಬಂತು. ಮಗುವಿಗೆ ಕುಲಾಯಿ ಹೊಲಿದರು, ಹಳೆಯ ಸೀರೆಗಳ ಕೌದಿ ಹೊಲಿದರು. ಬಾಣಂತಿಗೆ ತಿನ್ನಿಸುವ ಅಂಟಿನುಂಡೆಗೆ ಸಾಮಾನು ಕೂಡಿಹಾಕಿದರು. ಅದೇ ಹೊತ್ತಿಗೆ ಇತ್ತ ಸೊಸೆಯೂ ಎರಡನೆಯದಕ್ಕೆ ಬಸುರಿ, ಹೆಚ್ಚುಕಡಿಮೆ ಅದೇ ದಿನಗಳು. ಅದೇನೂ ತೊಡಕಾಗಿರಲಿಲ್ಲ. ಸೊಸೆಯ ತಾಯಿ ಬಾಗಲಕೋಟೆಯಿಂದ ಬರುವುದೆಂದು ನಿಕ್ಕಿಯಾಗಿತ್ತು. ಆ ತಾಯಿ ಹೊರಡುವ ಮುಂಚೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡರು.

ಆ ವಾರವೇ ಸೊಸೆಗೆ ರಕ್ತದೊತ್ತಡ, ಮಲಗಿಯೇ ಇರಬೇಕೆಂದು ಡಾಕ್ಟರು ಹೇಳಿದ್ದರು. ಅವಳು ಒಳ್ಳೆಯ ಹುಡುಗಿ. "ಅತ್ತಿ, ನೀವು ಹೋಗ್ರಿ, ನಾವು ಹ್ಯಾಂಗೋ ಮಾಡ್ತೀವಿ" ಎಂದು ಅಳುತ್ತ ಹೇಳಿದಳಂತೆ. ಮಗ ಮಾತ್ರ "ನೀನ ವಿಚಾರ ಮಾಡವ್ವ" ಎಂದು ಲ್ಯಾಪ್‌ಟಾಪ್ ತೆರೆದು ಕೂತನಂತೆ. ನನಗೆ ಇಂದಿಗೂ ಸಿಟ್ಟಿರುವುದು ಆ ಮಾತಿನ ಮೇಲೆ. ಹೋಗು ಎನ್ನಬಹುದಿತ್ತು, ಬೇಡ ಎನ್ನಬಹುದಿತ್ತು. ಎರಡೂ ಅನ್ನದೆ ಆ ಭಾರವನ್ನೂ ತಾಯಿಯ ತಲೆಗೇ ಹೊರಿಸಿದ.

ಆ ಭಾನುವಾರ ರೈಲಿನಲ್ಲಿ ಕಾಕು ಕಿಟಕಿಯ ಹೊರಗೆ ನೋಡುತ್ತಿದ್ದರು. ಖಂಡಾಲಾ ಹೋಯಿತು, ಸಿಮ್ಲಾ ಹೋಯಿತು. ನಾಯೊದಲ್ಲಿ ಗಾಡಿ ನಿಂತಿತು. ಗಾರ್ಡ್ ಬಾಗಿಲಿಗೆ ಬಂದು, "ಯುವರ್ ಚೇಂಜ್, ಆಂಟಿ" ಎಂದ. ಕಾಕು ಏಳಲಿಲ್ಲ. ನಾನು ಎದ್ದು ನಿಂತಿದ್ದೆ.

"ಕಾಕು, ನಾಯೊ ಬಂತ್ರಿ."

"ಗೊತ್ತದ. ಕೂಡು" ಎಂದರು.

ಎದುರಿನ ಗಾಡಿ ಬಂದು ದಾಟಿಹೋಯಿತು. ಗಾರ್ಡ್ ಸ್ವಲ್ಪ ಕಾದು, ನನ್ನ ಮುಖ ನೋಡಿ, ಸೀಟಿ ಊದಿದ. ಕಾಕು ಗಾಲಿಚೀಲದ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದರು. ಸುರಂಗ ದಾಟಿದ ಮೇಲೆ ಅವರೇ ಮಾತಾಡಿದರು. "ಅಲ್ಲೆ ಅಕಿಗೆ ಗಂಡ ಇದ್ದಾನ. ಅಂವ ಛಲೋ ಮನಶ್ಯಾ, ಅಂವನ ದನಿ ಕೇಳೀನಿ ನಾ. ಊರು ಗೊತ್ತದ, ಮಾತು ಗೊತ್ತದ. ಇಲ್ಲೆ ಇಕಿಗೆ ಯಾರಿದ್ದಾರ ಹೇಳು? ಕಣ್ಣಮುಂದ ಮಲಗಿದಾಕಿನ್ನ ಬಿಟ್ಟು ವಿಮಾನ ಹ್ಯಾಂಗ ಹತ್ತಲಿ?"

"ಮಗಳಿಗೆ ಹೇಳಿದ್ರೇನು?" ಎಂದೆ.

"ಹೇಳಿದೆ. ಆಗಲಿ ಅಂದ್ಲು. ಫೋನ್ ಇಟ್ಲು." ಆಮೇಲೆ ರೇನ್‌ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು, "ಸಾಕಾತವಾ" ಎಂದರು. ಆ ದಿನದ "ಸಾಕಾತವಾ"ಕ್ಕೆ ನಾನು ಜಗಳ ತೆಗೆಯಲಿಲ್ಲ.

ಎರಡೂ ಹೆರಿಗೆ ಸುಸೂತ್ರವಾಗಿ ಆದವು. ಇಲ್ಲಿ ಗಂಡು, ಅಲ್ಲಿ ಹೆಣ್ಣು. ಕಾಕು ಇಲ್ಲಿಯದಕ್ಕೆ ಎಣ್ಣೆ ತಿಕ್ಕಿ ನೀರು ಹಾಕಿದರು, ಸೊಸೆಗೆ ಅಂಟಿನುಂಡೆ ಕಟ್ಟಿಕೊಟ್ಟರು, ಧೂಪ ಹಾಕಲು ಹೋಗಿ ಹೊಗೆಯ ಅಲಾರಾಂ ಹೊಡೆಸಿ ಇಡೀ ಬೀದಿಯನ್ನು ಹೊರಗೆ ನಿಲ್ಲಿಸಿದರು. ಅಲ್ಲಿಯ ಕೂಸಿಗೆ ಕೌದಿಯನ್ನೂ ಕುಲಾಯಿಯನ್ನೂ ಪಾರ್ಸಲ್ ಮಾಡಿದರು. ಅದು ತಲುಪುವ ಹೊತ್ತಿಗೆ ಕುಲಾಯಿ ಕೂಸಿನ ತಲೆಗೆ ಹಿಡಿಸಲಿಲ್ಲ ಎಂದು ಮಗಳು ಬರೆದಳು. ಅಷ್ಟನ್ನೇ ಬರೆದಳು.

ಬಾಣಂತನ ಮುಗಿದು ಮತ್ತೆ ಭಾನುವಾರದ ಸಂತೆಗೆ ಹೊರಟ ಮೊದಲ ದಿನ, ನಾಯೊದಲ್ಲಿ ಕಾಕು ಎದ್ದುನಿಂತರು. ಏನೂ ಆಗಿಲ್ಲವೆಂಬಂತೆ ಶಬ್ದ ಉಚ್ಚರಿಸಿ ಇಳಿದರು. ನಾನು ಚೀಲ ಹಿಡಿದು ಹಿಂದೆ ಓಡಿದೆ. "ಮುಂದಿನ ಬ್ಯಾಸಗಿಗೆ ಹೋಗೂದದ. ನಡುವ ಮರತ್ರ ಮತ್ತ ಯಾರು ಕಲಿಸ್ತಾರ?" ಎಂದರು. ಯಾವ ಊರಿನ ಬೇಸಿಗೆ ಎಂದು ನಾನು ಕೇಳಲಿಲ್ಲ. ಇಲ್ಲಿ ಬೇಸಿಗೆಯಿದ್ದಾಗ ಅಲ್ಲಿ ಹಿಮ.

ಬೇಸಿಗೆಗಳು ಬಂದವು, ಹೋದವು. ಒಮ್ಮೆ ಸೊಸೆ ಕೆಲಸಕ್ಕೆ ಮರಳಿದ್ದಳು, ಚಿಕ್ಕವನನ್ನು ನೋಡುವವರಿಲ್ಲ. ಒಮ್ಮೆ ಮಗನಿಗೆ ಕೆಲಸ ಹೋಗಿ ಬೇರೆ ಸಿಗುವತನಕ ಯಾರಿಗೂ ಪ್ರಯಾಣದ ಮಾತೆತ್ತುವ ಧೈರ್ಯವಿಲ್ಲ. ಆಮೇಲೆ ಕಾಕುವಿನ ಮೊಣಕಾಲು, ಆಮೇಲೆ ಏದುಸಿರು. ಅಲ್ಲಿಂದ ಮಗಳೂ ಬರಲಿಲ್ಲ. ಯಾರದೂ ತಪ್ಪೆಂದು ಬೊಟ್ಟು ಮಾಡುವಂಥದ್ದಲ್ಲ ಅದು. ಎಲ್ಲರೂ ದಣಿದಿದ್ದರು, ಅಷ್ಟೇ. ನಾಯೊದಲ್ಲಿ ಇಳಿದು ಹತ್ತುವುದು ಮಾತ್ರ ನಿಲ್ಲಲಿಲ್ಲ. ಕೊನೆಕೊನೆಗೆ ಮೆಟ್ಟಿಲು ಹತ್ತಲು ಗಾರ್ಡ್ ಕೈಕೊಡುತ್ತಿದ್ದ.

ಮೊಮ್ಮಗಳ ಜೊತೆ ಏನು ಮಾತಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಆ ಕೂಸಿಗೆ ಅಪ್ಪನ ಭಾಷೆಯೇ ಭಾಷೆ, ಕನ್ನಡ ಬಾರದು. "ಏನೋ ಮಾತಾಡ್ತೀವಿ. ನಾವಿಬ್ಬರೂ ಮಂದಿ ಮುಂದ ಹೇಳೂದಿಲ್ಲ" ಎಂದು ಕಾಕು ಹಾರಿಸಿಬಿಟ್ಟರು.

ತಾಯಿ ಸತ್ತಾಗ ಮಗಳಿಗೆ ಮುಖ ನೋಡಲು ಬರಲಾಗಲಿಲ್ಲ. ಕರ್ಮಾಂತರವೆಲ್ಲ ಮುಗಿದ ಮೇಲೆ ಕೂಸನ್ನು ಕರೆದುಕೊಂಡು ಬಂದಳು. ತಾಯಿಯದೇ ಮೂಗು, ತಾಯಿಯದೇ ನಿಟ್ಟುಸಿರು. ಅಣ್ಣನ ಮನೆಯಲ್ಲಿ ಹೊತ್ತು ಹೋಗದೆ ನನ್ನ ಅಡಿಗೆಮನೆಗೆ ಬಂದು ಕೂತಳು. ಚಹಾ ಆರುತ್ತಿತ್ತು. "ಅವ್ವಗ ನನ್ನ ಕಡೆ ಬರೂ ಮನಸಿರಲಿಲ್ಲ ಅಕ್ಕಾ" ಎಂದಳು. "ನಾಲ್ಕು ದಿನ ಹುರುಪಿಲೆ ಶಬ್ದ ಕಲತ್ಲು. ಸೊಸಿ ಬಾಣಂತನ ಬಂದ ಕೂಡಲೆ ಬಿಟ್ಲು. ನನಗ ನೋವು ಎದ್ದಾಗ ನಾ ಒಬ್ಬಾಕಿನ ಬಿಮ್ ಹತ್ತಿ ಶ್ಪಿಟಾಲ್‌ಗೆ ಹೋದೆ. ನನ್ನ ಗಂಡ ಬ್ಯಾರೆ ಬಿಮ್ ನಡಸಲಿಕ್ಕತ್ತಿದ್ದ."

ಬಿಟ್ಟಿರಲಿಲ್ಲ ಎಂದು ನಾನು ಹೇಳಿದೆ. ನಾಯೊದ ಕಥೆ ಪೂರ್ತಿ ಹೇಳಿದೆ. ಅವಳು ಕೇಳಿದಳು, ಆದರೆ ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳುತ್ತಿದ್ದೇನೆ ಎಂಬಂತೆ ತಲೆಯಾಡಿಸಿದಳು. ನಾನೇನು ಮಾಡಲಿ? ನನ್ನ ಹತ್ತಿರ ಅದಕ್ಕೆ ಸಾಕ್ಷಿಯಿರಲಿಲ್ಲ. ಭಾನುವಾರ ಸಂತೆಗಾದರೂ ಹೋಗಿಬರೋಣ ಎಂದೆ. ಹೊರಡುವಾಗ ಆಚೆ ಮನೆಯಿಂದ ಕಾಕುವಿನ ಗಾಲಿಚೀಲ ತೆಗೆದುಕೊಂಡೆ.

ರೈಲಿನಲ್ಲಿ ಹುಡುಗಿ ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. ಹೊಸ ಊರು ಕಂಡ ಬೆರಗು ಆ ಮುಖದಲ್ಲಿರಲಿಲ್ಲ. ಏನೋ ಲೆಕ್ಕ ಹಾಕುತ್ತಿದ್ದಂತಿತ್ತು. ರರೋವಾ ದಾಟಿದೊಡನೆ, ಯಾರೂ ಕೂಗುವ ಮೊದಲೇ, "ಖಂಡಾಲಾ" ಎಂದಳು. ಖಂಡಾಲಾ ಬಂತು. ಸಿಮ್ಲಾ ಎಂದಳು. ಸಿಮ್ಲಾ ಬಂತು.

ಹುಡುಗಿಯ ತಾಯಿ ಬೆಚ್ಚಿ ನನ್ನ ಕಡೆ ನೋಡಿದಳು. "ಇಕಿಗೆ ಹ್ಯಾಂಗ ಗೊತ್ತು ಇವೆಲ್ಲ?"

"ನೀ ಹೇಳಿಲ್ಲೇನು?"

"ನನಗ ಈ ಹೆಸರು ಗೊತ್ತಿಲ್ಲ ಅಕ್ಕಾ. ಅವ್ವನ ಫೋನ್ ಬಂದಾಗ ಇಬ್ಬರೂ ರೈಲಾಟ ಆಡತಿದ್ರು. ಇಕಿ ಕುರ್ಚಿ ಸಾಲಾಗಿ ಇಟ್ಟುಕೊಂಡು ಕೂಡತಿದ್ಲು. ಕೂಸು ಗದ್ದಲ ಮಾಡದಂಗ ಕೂತದಲ್ಲ ಅಂತ ನಾ ಅಷ್ಟೊತ್ತು ಕಣ್ಣು ಮುಚ್ಚಿ ಮಲಗತಿದ್ದೆ. ಕೆಲಸದಿಂದ ಬಂದು ಸಾಕಾಗಿರತಿತ್ತು."

ಗಾಡಿ ನಿಧಾನವಾಯಿತು. ನಾಯೊ ಎಂದು ಕೂಗು ಬಂತು. ಹುಡುಗಿ ಸೀಟಿನಿಂದ ಜಾರಿ ಇಳಿದು, ಗಾಲಿಚೀಲದ ಹಿಡಿಕೆಗೆ ಕೈ ಹಾಕಿ, ಗಟ್ಟಿಯಾಗಿ ಹೇಳಿದಳು: "ಉಮ್‌ಶ್ಟೈಗನಽಽ."

ಕೊನೆಯನ್ನು ದೇವರ ನಾಮದಂತೆ ಎಳೆದು. ವಿಯೆನ್ನಾದಲ್ಲಿಯೇ ಹುಟ್ಟಿ ಬೆಳೆದ ಕೂಸು ಆ ಊರಿನ ಶಬ್ದವನ್ನು ಧಾರವಾಡದ ರಾಗದಲ್ಲಿ ಹೇಳಿತು. ತಾಯಿ ಬಾಯಿಗೆ ಕೈ ಅಡ್ಡ ಹಿಡಿದಳು. "ಮನ್ಯಾಗ ಅಪ್ಪನ ಮುಂದ ಹಿಂಗ ಅನ್ನೂದಿಲ್ಲ ಅಕ್ಕಾ. ಸರಿಯಾಗೇ ಅಂತಾಳ. ಇದು ಅವ್ವನ ದನಿ" ಎಂದಳು, ಮತ್ತೆ ತಡೆಯಲಾರದೆ ಅತ್ತಳು. ಅಷ್ಟು ದಿನ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

ಹುಡುಗಿಗೆ ಅಳು ನೋಡುವ ಪುರುಸೊತ್ತಿರಲಿಲ್ಲ. ಚೀಲ ಎಳೆಯುತ್ತ ಬಾಗಿಲ ಕಡೆ ಹೊರಟೇಬಿಟ್ಟಿದ್ದಳು. "ಏಳು" ಎಂದೆ ನಾನು ತಾಯಿಗೆ. "ಇಲ್ಲೇ ಕೂತ್ರ ಕಳದ ಹೋಗತಿ." ಅವಳು ಎದ್ದಳು. ಮೂವರೂ ಪ್ಲಾಟ್‌ಫಾರ್ಮಿಗೆ ಇಳಿದೆವು. ಗಾಳಿ ಎಂದಿನಂತೆ ಹೊಡೆಯುತ್ತಿತ್ತು. ಹುಡುಗಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ತಾಯಿಯ ಬೆರಳು ಹಿಡಿದು ಹಿಂದಿನ ಡಬ್ಬಿಯ ಕಡೆ ನಡೆದಳು. ದಾರಿ ಅವಳಿಗೆ ಗೊತ್ತಿತ್ತು.

ಗಾರ್ಡ್ ಅಲ್ಲಿ ನಿಂತಿದ್ದ, ಅದೇ ಗಡ್ಡದವನು. ಮೊದಲು ಗಾಲಿಚೀಲ ನೋಡಿದ. ಆಮೇಲೆ ಅದರ ಹಿಂದೆ ಕಾಕುವಿಗಾಗಿ ಕಣ್ಣಾಡಿಸಿದ. ನಾನು ತಲೆ ಅಲ್ಲಾಡಿಸಿದೆ. ಅವನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಎದುರಿನ ಗಾಡಿ ದಾಟಿ ಹೋಗಿಯಾಗಿತ್ತು, ಹೊರಡುವ ಹೊತ್ತೂ ಆಗಿತ್ತು. ಸೀಟಿ ಕೈಯಲ್ಲಿಯೇ ಇತ್ತು. ಹುಡುಗಿ ಎತ್ತರದ ಮೆಟ್ಟಿಲಿಗೆ ಕಾಲಿಡಲು ಒದ್ದಾಡುತ್ತಿದ್ದಳು. ಅವನು ಬಗ್ಗಿ ಅವಳಿಗೆ ಕೈಕೊಟ್ಟು ಹೇಳಿದ:

"ಟೇಕ್ ಯುವರ್ ಟೈಮ್, ಆಂಟಿ."